ಅಡಿಟಿಪ್ಪಣಿಗೆ ಇಳಿದವರು: ವಿಕ್ಟೋರಿಯನ್ ವಿಮರ್ಶೆ ಮತ್ತು ಚೆಲುವಿನ ಬೆಲೆ

1

ದಲಿತ ವಿಮರ್ಶೆಗೆ ಮೀಸಲಾದ ಸಂಚಿಕೆಯಲ್ಲಿ ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲಿಷ್ ವಿಮರ್ಶಕರ ಉಸಾಬರಿ ಯಾಕೆ ಎಂದು ಗೆಳೆಯರು ಕೇಳಿಯೇ ಕೇಳುತ್ತಾರೆ. ನನಗೆ ಎರಡು ಕಾರಣಗಳಿವೆ. ಒಂದು, ಕನ್ನಡದ ವಿಮರ್ಶೆ ನಮ್ಮ ಬರವಣಿಗೆಯನ್ನು ಅಳೆಯಲು ಬಳಸಿದ ಮಾನದಂಡಗಳಲ್ಲಿ ಹಲವು ಇಂಗ್ಲಿಷ್ ವಿಭಾಗಗಳ ಬಾಗಿಲಿನಿಂದಲೇ ಒಳಗೆ ಬಂದವು. 'ಆಕ್ರೋಶವಿದೆ, ಆದರೆ ಕಲೆಗಾರಿಕೆ ಸಾಲದು' ಎಂಬ ಮಾತು ಕಿವಿಗೆ ಬೀಳದ ದಲಿತ ಕವಿ ನಮ್ಮಲ್ಲಿ ಸಿಗುವುದು ಕಷ್ಟ. ಹಾಗೆ ಹೇಳುವವರ ಬೆನ್ನ ಹಿಂದೆ ಯಾರ್‍ಯಾರು ನಿಂತಿದ್ದಾರೆ ಎಂದು ಒಮ್ಮೆಯಾದರೂ ಇಣುಕಿ ನೋಡಬೇಕು. ಎರಡು, ನಮ್ಮ ಚಳವಳಿಯ ಒಳಗೂ 'ಕಲೆಗಾಗಿ ಕಲೆ' ಎಂಬುದು ಬರೀ ಬೈಗುಳವಾಗಿ ಉಳಿದಿದೆ. ಆ ಮಾತನ್ನು ಹೇಳಿದವರು ನಿಜಕ್ಕೂ ಏನು ಹೇಳಿದರು, ಯಾವ ಇಕ್ಕಟ್ಟಿನಲ್ಲಿ ಹೇಳಿದರು ಎಂದು ನೋಡುವ ತಾಳ್ಮೆ ನಮಗೂ ಕಡಿಮೆ. ಓದದೆ ಪೂಜಿಸುವುದು, ಓದದೆ ಬೈಯುವುದು ಎರಡೂ ಒಂದೇ ಬಗೆಯ ಸೋಮಾರಿತನ.

ಮೂರನೆಯ ಕಾರಣವೂ ಒಂದಿದೆ, ಅದು ಸ್ವಂತದ್ದು. ನಾನು ಪಾಠ ಮಾಡುವ ಬಿ.ಎ. ತರಗತಿಯಲ್ಲಿ ಮ್ಯಾಥ್ಯೂ ಅರ್ನಾಲ್ಡ್ ವಿಮರ್ಶೆಯ ಕೆಲಸದ ಬಗ್ಗೆ ಬರೆದ ಪ್ರಬಂಧವನ್ನು ವಿವರಿಸುತ್ತಿದ್ದೆ. ಅಲ್ಲಿ ಒಂದು ಕೊಲೆಯ ಸುದ್ದಿ ಬರುತ್ತದೆ. ಅದನ್ನು ಕನ್ನಡದಲ್ಲಿ ಹೇಳಿ ಮುಂದೆ ಹೋಗುತ್ತಿದ್ದಾಗ ಎರಡನೇ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಸಾರ್, ಮಗು ಸತ್ತಿರೋದು ಬಿಟ್ಟು ಇವನ್ಯಾಕೆ ಹೆಸರಿನ ಮೇಲೆ ಬಂದ?" ಎಂದು ಕೇಳಿದಳು. ಎಂ.ಎ.ಯಲ್ಲಿ ಎರಡು ವರ್ಷ ಆ ಪ್ರಬಂಧವನ್ನು ಓದಿ, ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದವನು ನಾನು. ಆ ಪ್ರಶ್ನೆ ನನಗೆ ಹುಟ್ಟಿಯೇ ಇರಲಿಲ್ಲ. ಈ ಲೇಖನ ಆ ಹುಡುಗಿಗೆ ಕೊಡಬೇಕಾಗಿದ್ದ ಉತ್ತರ.

2

ಮೊದಲು ಆ ಸಂದರ್ಭ. ಅರ್ನಾಲ್ಡ್ 1857ರಿಂದ ಹತ್ತು ವರ್ಷ ಆಕ್ಸ್‌ಫರ್ಡಿನಲ್ಲಿ ಕಾವ್ಯದ ಪ್ರೊಫೆಸರ್. ಹೊಟ್ಟೆಪಾಡಿಗೆ 1851ರಿಂದ ಶಾಲೆಗಳ ಇನ್ಸ್‌ಪೆಕ್ಟರ್, ಆ ಕೆಲಸವನ್ನು ಮೂವತ್ತೈದು ವರ್ಷ ಮಾಡಿದ. ಬಡವರ ಮಕ್ಕಳು ಕೂತ ಕೊಠಡಿಗಳನ್ನು ಕಣ್ಣಾರೆ ಕಂಡವನು. ಆದ್ದರಿಂದ ಅವನನ್ನು ದಂತಗೋಪುರದವನು ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕಲು ಆಗುವುದಿಲ್ಲ. 1864ರ ಆ ಪ್ರಬಂಧದಲ್ಲಿ ಅವನು ತನ್ನ ಕಾಲದ ಇಬ್ಬರು ರಾಜಕಾರಣಿಗಳ ಭಾಷಣಗಳನ್ನು ಎತ್ತಿಕೊಳ್ಳುತ್ತಾನೆ. ನಮ್ಮ ಆಂಗ್ಲೋ-ಸ್ಯಾಕ್ಸನ್ ತಳಿಯೇ ಜಗತ್ತಿನಲ್ಲಿ ಶ್ರೇಷ್ಠ, ನಮ್ಮಷ್ಟು ಸುಖ ಇನ್ನೆಲ್ಲೂ ಇಲ್ಲ ಎಂಬ ಧಾಟಿಯ ಭಾಷಣಗಳು ಅವು. (ಈ ಧಾಟಿ ನಮಗೆ ಹೊಸದಲ್ಲ.) ಆ ಹೊಗಳಿಕೆಯ ಪಕ್ಕದಲ್ಲೇ ಅರ್ನಾಲ್ಡ್ ಒಂದು ಪತ್ರಿಕೆಯ ತುಣುಕು ಸುದ್ದಿಯನ್ನು ಇಡುತ್ತಾನೆ. ನಾಟಿಂಗ್‌ಹ್ಯಾಮಿನ ವರ್ಕ್‌ಹೌಸಿನಿಂದ, ಅಂದರೆ ದಿಕ್ಕಿಲ್ಲದ ಬಡವರನ್ನು ಕೂಡಿಹಾಕಿ ದುಡಿಸುವ ಮನೆಯಿಂದ, ರ್‍ಯಾಗ್ ಎಂಬ ಹುಡುಗಿ ಮದುವೆಯಿಲ್ಲದೆ ಹೆತ್ತ ಕೂಸನ್ನು ಎತ್ತಿಕೊಂಡು ಹೊರಬಿದ್ದಳು. ಸ್ವಲ್ಪ ಹೊತ್ತಿಗೆ ಆ ಕೂಸು ಊರ ಹೊರಗಿನ ಗುಡ್ಡದಲ್ಲಿ ಕತ್ತು ಹಿಸುಕಿದ ಸ್ಥಿತಿಯಲ್ಲಿ ಸಿಕ್ಕಿತು. ರ್‍ಯಾಗ್ ಪೊಲೀಸರ ವಶದಲ್ಲಿದ್ದಾಳೆ. ಸುದ್ದಿ ಇಷ್ಟೇ.

ಇಷ್ಟನ್ನು ಇಟ್ಟದ್ದೇ ದೊಡ್ಡ ಕೆಲಸ. ಆಳುವವರ ಜಂಬಕ್ಕೆ ಈ ಒಂದು ಸಾಲಿನ ಸುದ್ದಿಯೇ ಉತ್ತರ ಎಂದು ಅರ್ನಾಲ್ಡ್ ತಿಳಿಯುತ್ತಾನೆ. ಪತ್ರಿಕೆಯವರು ಆ ಹುಡುಗಿಯ ಮೊದಲ ಹೆಸರನ್ನೇ ಕತ್ತರಿಸಿ ಬರೀ ಮನೆತನದ ಹೆಸರಿನಲ್ಲಿ ಅವಳನ್ನು ಮುಗಿಸಿದ್ದನ್ನೂ ಗಮನಿಸಿ ಚುಚ್ಚುತ್ತಾನೆ. ಅಲ್ಲಿಯವರೆಗೆ ಅವನು ನಮ್ಮವನೇ. ಆದರೆ ನಡುವೆ ಅವನ ಗಮನ ಸಟಕ್ಕನೆ ಬೇರೆ ಕಡೆ ಹೊರಳುತ್ತದೆ. ರ್‍ಯಾಗ್! ಎಂಥ ಹೆಸರು ಇದು! ನಮ್ಮ ಜನರಲ್ಲಿ ಇಂಥ ಒರಟು ಹೆಸರುಗಳು ಎಷ್ಟೊಂದು ಹುಟ್ಟಿಕೊಂಡಿವೆ ಎಂದು ಇನ್ನೂ ಮೂರು ಹೆಸರುಗಳನ್ನು ಪಟ್ಟಿ ಮಾಡುತ್ತಾನೆ. ಅಥೆನ್ಸಿನ ಇಲಿಸಸ್ ನದಿಯ ದಂಡೆಯಲ್ಲಿ ರ್‍ಯಾಗ್ ಎಂಬ ಹೆಸರಿನವಳು ಯಾರೂ ಇರಲಿಲ್ಲ, ಪಾಪ, ಅನ್ನುತ್ತಾನೆ.

ಹುಡುಗಿಯ ಪ್ರಶ್ನೆ ಈ ಹೊರಳುವಿಕೆಯ ಬಗ್ಗೆ. ಅನ್ಯಾಯವನ್ನು ಕಂಡ ಕಣ್ಣು ಅರೆಕ್ಷಣದಲ್ಲಿ ಕುರೂಪವನ್ನು ಕಾಣಲು ಶುರುಮಾಡಿತು. ವರ್ಕ್‌ಹೌಸು, ಹೊಗೆ, ಚಳಿ, ಸತ್ತ ಕೂಸು, ಕೆಟ್ಟ ಹೆಸರು ಎಲ್ಲವೂ ಒಂದೇ ಸಾಲಿನಲ್ಲಿ ನಿಂತು, ಅಭಿರುಚಿಗೆ ಆದ ಗಾಯಗಳಾಗಿಬಿಟ್ಟವು. 1834ರ ಬಡವರ ಕಾನೂನು ಮದುವೆಯಿಲ್ಲದೆ ಹುಟ್ಟಿದ ಮಗುವಿನ ಹೊರೆಯನ್ನು ತಾಯಿಯ ತಲೆಗೇ ಕಟ್ಟಿತ್ತು, ಆಮೇಲಿನ ತಿದ್ದುಪಡಿಗಳಿಂದಲೂ ಆ ಹೊರೆ ಪೂರ್ತಿ ಇಳಿಯಲಿಲ್ಲ. ಆ ಕಾನೂನಿನ ಮಾತು ಇಲ್ಲಿ ಬರುವುದಿಲ್ಲ, ಹೆಸರಿನ ಸದ್ದಿನ ಮಾತು ಬರುತ್ತದೆ.

ಹೆಸರಿನ ಮಾತು ಬಂದಾಗ ನಮಗೆ ಮೈ ಉರಿಯುವುದಕ್ಕೆ ಕಾರಣವಿದೆ. ಮನುಸ್ಮೃತಿಯ ಎರಡನೆಯ ಅಧ್ಯಾಯ ಬ್ರಾಹ್ಮಣನ ಹೆಸರು ಮಂಗಳಕರವಾಗಿರಬೇಕು, ಶೂದ್ರನ ಹೆಸರು ಹೇಸಿಗೆ ಸೂಚಿಸುವಂತಿರಬೇಕು ಎಂದು ವಿಧಿಸುತ್ತದೆ. ಅಂದರೆ ಸೌಂದರ್ಯದ ಹಂಚಿಕೆ ನಮ್ಮಲ್ಲಿ ತೊಟ್ಟಿಲಿನಿಂದಲೇ ಕಾನೂನಾಗಿತ್ತು. ನಮ್ಮ ತಾತನ ಹೆಸರು ತಿಪ್ಪ. ಹುಟ್ಟಿದ ಕೂಸುಗಳು ಒಂದೊಂದಾಗಿ ಸಾಯುತ್ತಿದ್ದಾಗ, ಉಳಿದೊಂದನ್ನು ತಿಪ್ಪೆಯ ಮೇಲೆ ಒಂದು ಗಳಿಗೆ ಮಲಗಿಸಿ ಎತ್ತಿಕೊಂಡು ಆ ಹೆಸರು ಇಡುವ ವಾಡಿಕೆ. ಸಾವಿಗೆ ಆ ಕೂಸು ಬೇಡವಾಗಲಿ ಎಂದು. ಆ ಹೆಸರಿನ ಒಳಗೆ ಒಬ್ಬ ತಾಯಿಯ ಭಯ ಇದೆ, ಆಸೆ ಇದೆ. ನಮ್ಮಪ್ಪನನ್ನು ಶಾಲೆಗೆ ಸೇರಿಸುವಾಗ ತಂದೆಯ ಹೆಸರಿನ ಕಾಲಂ ತುಂಬುತ್ತಿದ್ದ ಮೇಷ್ಟ್ರು ನಕ್ಕರಂತೆ. ಮೇಷ್ಟ್ರು ಕೆಟ್ಟವರಲ್ಲ. ಅರ್ನಾಲ್ಡನೂ ಕೆಟ್ಟವನಲ್ಲ. ಅವರಿಬ್ಬರಿಗೂ ಕಿವಿ ಚೆನ್ನಾಗಿತ್ತು. ಆ ಚೆನ್ನಾದ ಕಿವಿಗೆ ಹೆಸರಿನ ಸದ್ದು ಕೇಳಿಸಿತು, ಅದರ ಹಿಂದಿನ ಕಥೆ ಕೇಳಿಸಲಿಲ್ಲ.

ಇನ್ನು ಇಲಿಸಸ್ ದಂಡೆಯ ಮಾತು. ಅಲ್ಲಿ ರ್‍ಯಾಗ್ ಇರಲಿಲ್ಲ ನಿಜ, ಆದರೆ ಗುಲಾಮರಿದ್ದರು. ಅಥೆನ್ಸಿನ ಬೊಕ್ಕಸ ತುಂಬಿದ ಲಾರಿಯಂ ಬೆಳ್ಳಿಗಣಿಗಳಲ್ಲಿ ನೆಲದೊಳಗೆ ತೆವಳಿ ಅದಿರು ಕೆತ್ತಿದವರು ಗುಲಾಮರು. ಅರ್ನಾಲ್ಡನ ಗ್ರೀಸಿನಲ್ಲಿ ಅವರಿಗೆ ಚೆಂದದ ಹೆಸರೂ ಇಲ್ಲ, ಕೆಟ್ಟ ಹೆಸರೂ ಇಲ್ಲ.

3

ಅರ್ನಾಲ್ಡನಲ್ಲಿ ಕಂಡದ್ದು ಒಂದು ಆಕಸ್ಮಿಕ ಜಾರುವಿಕೆ ಎಂದು ಯಾರಾದರೂ ಹೇಳಬಹುದು. ಹಾಗಾದರೆ ಅವನಿಗಿಂತ ಇಪ್ಪತ್ತು ವರ್ಷ ಹಿಂದಕ್ಕೆ, ಜಾನ್ ರಸ್ಕಿನ್‌ನ ಹತ್ತಿರ ಹೋಗೋಣ.

ಟರ್ನರ್ ಎಂಬ ಚಿತ್ರಕಾರ 1840ರಲ್ಲಿ ಒಂದು ಚಿತ್ರ ಪ್ರದರ್ಶಿಸಿದ. ಬಿರುಗಾಳಿ ಏಳುತ್ತಿದೆ, ಸೂರ್ಯ ಮುಳುಗುತ್ತಿದ್ದಾನೆ, ಒಂದು ಗುಲಾಮರ ಹಡಗಿನವರು ಸತ್ತವರನ್ನೂ ಸಾಯುತ್ತಿರುವವರನ್ನೂ ಸಮುದ್ರಕ್ಕೆ ಎಸೆಯುತ್ತಿದ್ದಾರೆ. ಇದರ ಹಿಂದೆ 1781ರ ಝಾಂಗ್ ಹಡಗಿನ ಘಟನೆ ಇದೆ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಆ ಹಡಗಿನವರು 130ಕ್ಕೂ ಹೆಚ್ಚು ಆಫ್ರಿಕನ್ನರನ್ನು ನೀರಿಗೆಸೆದು, 'ಸರಕು ನಷ್ಟ'ವಾಯಿತೆಂದು ವಿಮೆಯ ಹಣ ಕೇಳಿದರು. 1783ರಲ್ಲಿ ಲಂಡನ್ನಿನ ಕೋರ್ಟಿಗೆ ಅದು ಬಂದದ್ದು ಕೊಲೆಯ ಮೊಕದ್ದಮೆಯಾಗಿ ಅಲ್ಲ, ವಿಮೆಯ ತಕರಾರಾಗಿ.

ರಸ್ಕಿನ್ ತನ್ನ ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, 1843ರಲ್ಲಿ, 'ಮಾಡರ್ನ್ ಪೇಂಟರ್ಸ್' ಎಂಬ ಗ್ರಂಥದ ಮೊದಲ ಸಂಪುಟ ಪ್ರಕಟಿಸಿದ. ಅದರಲ್ಲಿ ಈ ಚಿತ್ರದ ವರ್ಣನೆ ಇದೆ. ಇಂಗ್ಲಿಷ್ ಗದ್ಯದಲ್ಲಿ ಅಷ್ಟು ಮೆರುಗಿನ ಪುಟಗಳು ಕಡಿಮೆ. ಅಲೆಗಳ ಏರಿಳಿತ, ಅವುಗಳ ನಡುವೆ ಹರಿವ ಕೆಂಪು, ಚಿನ್ನದ ಬೆಳಕು. ಟರ್ನರನ ಅಮರತ್ವ ಒಂದೇ ಕೃತಿಯ ಮೇಲೆ ನಿಲ್ಲಬೇಕಾದರೆ ಇದನ್ನೇ ಆರಿಸುತ್ತೇನೆ ಎಂಬರ್ಥದ ಮಾತನ್ನೂ ಅವನು ಹೇಳುತ್ತಾನೆ. ಆ ಹಡಗು ಅಪರಾಧದ ಹಡಗು ಎಂಬ ಸುಳಿವು ಮುಖ್ಯ ಪಠ್ಯದಲ್ಲಿದೆ. ಆದರೆ ಅದು ಗುಲಾಮರ ಹಡಗು, ಮನುಷ್ಯರನ್ನು ನೀರಿಗೆ ಎಸೆಯುತ್ತಿದೆ ಎಂಬ ನೇರ ಸಂಗತಿ ಎಲ್ಲಿದೆ? ಕೆಳಗೆ, ಅಡಿಟಿಪ್ಪಣಿಯಲ್ಲಿ.

ನನ್ನ ಮಟ್ಟಿಗೆ ವಿಕ್ಟೋರಿಯನ್ ಸೌಂದರ್ಯಚಿಂತನೆಯ ಇಡೀ ಇಕ್ಕಟ್ಟು ಆ ಒಂದು ಪುಟದ ವಿನ್ಯಾಸದಲ್ಲಿದೆ. ಮೇಲೆ ಸಮುದ್ರ, ಕೆಳಗೆ ಹೆಣ. ಮೇಲಿನದು ದೊಡ್ಡ ಅಕ್ಷರ, ಕೆಳಗಿನದು ಸಣ್ಣ ಅಕ್ಷರ. ಮರುವರ್ಷ ರಸ್ಕಿನ್‌ನ ಅಪ್ಪ, ಹೆಂಡದ ವ್ಯಾಪಾರದಲ್ಲಿ ಗಳಿಸಿದವನು, ಅದೇ ಚಿತ್ರವನ್ನು ಕೊಂಡು ಮಗನಿಗೆ ಉಡುಗೊರೆ ಕೊಟ್ಟ. ಬಹಳ ವರ್ಷ ಇಟ್ಟುಕೊಂಡು ಆಮೇಲೆ ರಸ್ಕಿನ್ ಅದನ್ನು ಮಾರಿದ. ಈಗ ಅದು ಬಾಸ್ಟನ್ನಿನ ಮ್ಯೂಸಿಯಮ್ಮಿನಲ್ಲಿದೆ.

ಹಾಗಂತ ರಸ್ಕಿನ್ ಇಷ್ಟೇ ಎಂದರೆ ಅನ್ಯಾಯವಾಗುತ್ತದೆ. ಹತ್ತು ವರ್ಷದ ನಂತರ, 1853ರಲ್ಲಿ, 'ಸ್ಟೋನ್ಸ್ ಆಫ್ ವೆನಿಸ್'ನ ಎರಡನೆಯ ಸಂಪುಟದಲ್ಲಿ ಗಾಥಿಕ್ ಕಟ್ಟಡಗಳ ಸ್ವರೂಪದ ಬಗ್ಗೆ ಒಂದು ಅಧ್ಯಾಯ ಬರೆದ. ಅಲ್ಲಿ ಅವನು ಸೌಂದರ್ಯದ ಪ್ರಶ್ನೆಯನ್ನೇ ಬುಡಮೇಲು ಮಾಡುತ್ತಾನೆ. ಒಂದು ಕಟ್ಟಡ ಎಷ್ಟು ನುಣುಪಾಗಿದೆ ಎಂದು ಕೇಳಬೇಡಿ, ಅದನ್ನು ಕೆತ್ತಿದವನಿಗೆ ಸ್ವಂತ ಬುದ್ಧಿ ಓಡಿಸಲು ಬಿಟ್ಟಿದ್ದರೇ ಎಂದು ಕೇಳಿ ಅನ್ನುವುದು ಅವನ ವಾದ. ಗ್ರೀಕ್ ಕಟ್ಟಡದ ಕರಾರುವಾಕ್ಕು ಕೆತ್ತನೆ ಗುಲಾಮನ ಕೆಲಸ. ಗಾಥಿಕ್ ಕೆತ್ತನೆಯ ಒರಟುತನ, ಅಂಕುಡೊಂಕು ಸ್ವತಂತ್ರ ಮನುಷ್ಯನ ಗುರುತು. ತನ್ನ ಕಾಲದ ಕಾರ್ಖಾನೆಯಲ್ಲಿ ಕತ್ತರಿಸಿ ಹಂಚುತ್ತಿರುವುದು ಕೆಲಸವನ್ನಲ್ಲ, ಮನುಷ್ಯರನ್ನೇ ಚೂರು ಮಾಡುತ್ತಿದ್ದಾರೆ ಎನ್ನುತ್ತಾನೆ. ಇದನ್ನು ಓದುವಾಗ ನಮಗೆ ತಟ್ಟನೆ ನೆನಪಾಗಬೇಕಾದದ್ದು 1936ರ 'ಜಾತಿ ವಿನಾಶ'. ಜಾತಿ ಬರೀ ದುಡಿಮೆಯ ವಿಭಜನೆಯಲ್ಲ, ದುಡಿಯುವವರ ವಿಭಜನೆ ಎಂದು ಬಾಬಾಸಾಹೇಬರು ಅಲ್ಲಿ ತೋರಿಸುತ್ತಾರೆ. ಅವರು ರಸ್ಕಿನ್‌ನಿಂದ ಇದನ್ನು ತೆಗೆದುಕೊಂಡರು ಎಂದು ನಾನು ಹೇಳುತ್ತಿಲ್ಲ. ಇಬ್ಬರೂ ನೋಡಿದ ಗಾಯ ಬೇರೆ ಬೇರೆ. ರಸ್ಕಿನ್ ಕಂಡದ್ದು ಒಬ್ಬ ಮನುಷ್ಯ ಒಳಗೇ ಚೂರಾಗುವುದನ್ನು. ಅಂಬೇಡ್ಕರ್ ಕಂಡದ್ದು ಮನುಷ್ಯರನ್ನು ಒಬ್ಬರ ಮೇಲೊಬ್ಬರಂತೆ ಮೆಟ್ಟಿಲು ಜೋಡಿಸಿ, ಆ ಮೆಟ್ಟಿಲನ್ನು ಹುಟ್ಟಿಗೇ ಕಟ್ಟಿಹಾಕುವುದನ್ನು. ಮೊದಲನೆಯದಕ್ಕೆ ಕೆಲಸದ ರೀತಿ ಬದಲಿಸಿದರೆ ಮದ್ದು ಸಿಗಬಹುದು. ಎರಡನೆಯದಕ್ಕೆ ಅಷ್ಟು ಸಾಲದು.

ಅದೇ ರಸ್ಕಿನ್ 1858ರ ಜನವರಿಯಲ್ಲಿ, ನಮ್ಮ ದೇಶದ 1857ರ ದಂಗೆಯ ಬಿಸಿ ಆರುವ ಮುನ್ನ, ಲಂಡನ್ನಿನಲ್ಲಿ ಒಂದು ಭಾಷಣ ಮಾಡಿದ. ಭಾರತೀಯರು ನೇಯ್ಗೆ, ಬಣ್ಣ, ಕುಸುರಿಯಲ್ಲಿ ನಿಸ್ಸೀಮರು ಎಂದು ಒಪ್ಪಿಕೊಳ್ಳುತ್ತಾನೆ. ಆದರೆ ಅವರ ಕಲೆ ನಿಸರ್ಗದ ಸತ್ಯವನ್ನು ಚಿತ್ರಿಸುವುದಿಲ್ಲ, ಮನುಷ್ಯನ ಬದಲು ಎಂಟು ಕೈಗಳ ವಿಕಾರ ರೂಪ ಬರೆಯುತ್ತದೆ, ಹೂವಿನ ಬದಲು ಸುರುಳಿ ಬರೆಯುತ್ತದೆ, ಅಂಥ ಕಲೆಯ ಜನ ಕ್ರೂರಿಗಳಾದದ್ದರಲ್ಲಿ ಆಶ್ಚರ್ಯವಿಲ್ಲ ಎಂಬ ಕಡೆಗೆ ವಾದವನ್ನು ಎಳೆಯುತ್ತಾನೆ. 1865ರಲ್ಲಿ ಜಮೈಕಾದ ಮೊರಾಂಟ್ ಬೇಯಲ್ಲಿ ಕಪ್ಪು ಜನರ ದಂಗೆಯನ್ನು ಅಡಗಿಸಲು ಗವರ್ನರ್ ಐರ್ 400ಕ್ಕೂ ಹೆಚ್ಚು ಜನರನ್ನು ಕೊಲ್ಲಿಸಿದಾಗ, ಅವನ ರಕ್ಷಣೆಗೆ ನಿಂತ ಸಮಿತಿಯಲ್ಲೂ ರಸ್ಕಿನ್ ಇದ್ದ. ವೆನಿಸ್ಸಿನ ಕಲ್ಲುಕುಟಿಗನ ಸ್ವಾತಂತ್ರ್ಯಕ್ಕೆ ಮಿಡಿದ ಹೃದಯ ಜಮೈಕಾದವರ ಬಳಿ ಬಂದಾಗ ಮುದುಡಿಕೊಂಡಿತು. ಅಡಿಟಿಪ್ಪಣಿ ಎನ್ನುವುದು ಪುಟದ ವಿನ್ಯಾಸ ಮಾತ್ರ ಅಲ್ಲ, ಮನಸ್ಸಿನ ವಿನ್ಯಾಸವೂ ಹೌದು ಎಂದು ಆಗ ಗೊತ್ತಾಗುತ್ತದೆ.

4

ರಸ್ಕಿನ್‌ಗೆ ಸೌಂದರ್ಯ ನೀತಿಯ ಜೊತೆಗಿರಬೇಕು. ಅರ್ನಾಲ್ಡನಿಗೆ ಅದು ಸಂಸ್ಕೃತಿಯ ಭಾಗ, ಸಮಾಜದ ಒರಟುತನಕ್ಕೆ ಔಷಧ. ಈ ಎರಡೂ ಹೊರೆಗಳನ್ನು ಸೌಂದರ್ಯದ ತಲೆಯಿಂದ ಇಳಿಸಿದವನು ವಾಲ್ಟರ್ ಪೇಟರ್. ಆಕ್ಸ್‌ಫರ್ಡಿನ ಬ್ರೇಸ್‌ನೋಸ್ ಕಾಲೇಜಿನ ಫೆಲೋ ಆಗಿದ್ದ ಈ ಸಂಕೋಚದ ಮನುಷ್ಯ 1873ರಲ್ಲಿ ರೆನೆಸಾನ್ಸ್ ಬಗೆಗಿನ ತನ್ನ ಪ್ರಬಂಧಗಳನ್ನು ಪ್ರಕಟಿಸಿದ. ವಸ್ತುವನ್ನು ಅದು ಇದ್ದಂತೆ ಕಾಣುವುದು ವಿಮರ್ಶೆಯ ಗುರಿ ಎಂದು ಅರ್ನಾಲ್ಡ್ ಹೇಳಿದ್ದ. ಪೇಟರ್ ಅದನ್ನು ವಿನಯದಿಂದ ಒಪ್ಪಿಕೊಂಡು, ಅದರ ಮೊದಲ ಹೆಜ್ಜೆ ನನ್ನೊಳಗೆ ಆ ವಸ್ತು ಮೂಡಿಸಿದ ಅನುಭವವನ್ನು ಸ್ಪಷ್ಟವಾಗಿ ತಿಳಿಯುವುದು ಎಂದು ಮೆಲ್ಲಗೆ ತಿರುಗಿಸಿದ. ಈ ಹಾಡು, ಈ ಚಿತ್ರ ನನಗೆ ಏನು ಮಾಡಿತು ಎಂಬುದೇ ಪ್ರಶ್ನೆ. ಪುಸ್ತಕದ ಕೊನೆಯ ಪುಟಗಳಲ್ಲಿ, ಸಾವಿಗೆ ಮುಂಚೆ ನಮಗೆ ಸಿಕ್ಕಿರುವುದು ಚಿಕ್ಕದೊಂದು ಗಡುವು, ಅದರೊಳಗೆ ಎಷ್ಟು ತೀವ್ರವಾದ ಗಳಿಗೆಗಳನ್ನು ತುಂಬಿಕೊಳ್ಳುತ್ತೇವೋ ಅಷ್ಟೇ ಬದುಕಿನ ಗೆಲುವು ಎಂಬರ್ಥದ ಮಾತು ಬರೆದ. ಗದ್ದಲವಾಯಿತು. 1877ರ ಎರಡನೆಯ ಮುದ್ರಣದಲ್ಲಿ ಆ ಪುಟಗಳನ್ನು ಅವನೇ ತೆಗೆದುಹಾಕಿದ. 1888ರಲ್ಲಿ ತುಸು ತಿದ್ದಿ ಮತ್ತೆ ಸೇರಿಸಿದ. ಎಳೆಯ ಹುಡುಗರು ದಾರಿ ತಪ್ಪಬಹುದೆಂಬ ಅಂಜಿಕೆಯಿಂದ ಬಿಟ್ಟಿದ್ದೆ ಎಂದು ಟಿಪ್ಪಣಿ ಬರೆದ.

ನಮ್ಮ ಪ್ರಗತಿಪರ ವಿಮರ್ಶಕರು ಪೇಟರನನ್ನು ವ್ಯಕ್ತಿವಾದಿ, ಭೋಗವಾದಿ ಎಂದು ಮುಗಿಸುತ್ತಾರೆ. ನನಗೆ ಅವನ ವಿಚಾರದಲ್ಲಿ ಎರಡು ಬೇರೆ ಮಾತುಗಳಿವೆ. ಮೊದಲನೆಯದು ಅವನ ಪರ. ನನ್ನೊಳಗೆ ಏನಾಯಿತು ಎಂದು ಹೇಳುವ ಹಕ್ಕು ಓದುಗನಿಗೇ ಸೇರಿದ್ದು ಎಂದು ಪೇಟರ್ ತಿಳಿದರೆ, ಆ ಓದುಗ ಯಾರಾದರೂ ಆಗಬಹುದು. ಎರಡನೇ ಬೆಂಚಿನ ಹುಡುಗಿಯೂ ಆಗಬಹುದು. 'ಶಾಶ್ವತ ಮೌಲ್ಯ' ಎಂಬ ದೊಣ್ಣೆ ಹಿಡಿದು ಬಾಗಿಲಲ್ಲಿ ನಿಂತ ಅರ್ನಾಲ್ಡನನ್ನು ಅವನು ಸದ್ದಿಲ್ಲದೆ ಪಕ್ಕಕ್ಕೆ ಸರಿಸಿದ್ದಾನೆ. ಎರಡನೆಯದು ಅವನ ವಿರುದ್ಧ. ತೀವ್ರವಾದ ಗಳಿಗೆಗಳನ್ನು ತುಂಬಿಕೊಳ್ಳಲು ಮೊದಲು ಗಳಿಗೆ ನಮ್ಮದಾಗಿರಬೇಕು. ಕಾಲೇಜಿನ ಕೋಣೆಯಲ್ಲಿ ಪೇಟರನಿಗೆ ಹೊತ್ತು ಸ್ವಂತದ್ದಾಗಿತ್ತು. ಅವನ ಒಲೆ ಉರಿಸಿದವರ, ನೀರು ಹೊತ್ತವರ ಹೊತ್ತು ಯಾರದಾಗಿತ್ತು? ಸೌಂದರ್ಯದ ಅನುಭವಕ್ಕೆ ಬಿಡುವು ಬೇಕು, ಬಿಡುವು ಆಸ್ತಿಯ ಹಾಗೆ ಹಂಚಿಕೆಯಾಗಿದೆ ಎಂಬ ಸಂಗತಿ ಅವನ ಚೆಂದದ ವಾಕ್ಯಗಳ ಒಳಗೆ ಎಲ್ಲೂ ಬರುವುದಿಲ್ಲ.

ಆ ಪುಸ್ತಕದಲ್ಲೇ ವಿಂಕೆಲ್ಮನ್ ಬಗ್ಗೆ ಒಂದು ದೀರ್ಘ ಪ್ರಬಂಧ ಇದೆ. ಗ್ರೀಕ್ ಶಿಲ್ಪದ ಚೆಲುವನ್ನು ಆಧುನಿಕ ಯೂರೋಪಿಗೆ ಹುಡುಕಿ ಕೊಟ್ಟವನು, ಕಲಾ ಇತಿಹಾಸ ಎಂಬ ಶಾಸ್ತ್ರಕ್ಕೆ ಅಡಿಪಾಯ ಹಾಕಿದವನು ಈ ಜರ್ಮನ್ ವಿದ್ವಾಂಸ. ಅರ್ನಾಲ್ಡ್ ಮೆರೆಸುವ ಗ್ರೀಸ್ ಮುಖ್ಯವಾಗಿ ವಿಂಕೆಲ್ಮನ್ ತೋರಿಸಿದ ಗ್ರೀಸೇ. ಈ ವಿಂಕೆಲ್ಮನ್ 1717ರಲ್ಲಿ ಹುಟ್ಟಿದ್ದು ಒಬ್ಬ ಬಡ ಚಮ್ಮಾರನ ಮಗನಾಗಿ. ರ್‍ಯಾಗ್ ಇಲ್ಲದ ಇಲಿಸಸ್ ದಂಡೆಗೆ ದಾರಿ ತೋರಿಸಿದವನು ಜೋಡು ಹೊಲಿಯುವವನ ಮಗ! ಇಲ್ಲಿ ಎಚ್ಚರ ಬೇಕು. ಜರ್ಮನಿಯ ಚಮ್ಮಾರ ನಮ್ಮ ಕೇರಿಯವನಲ್ಲ, ಅವನನ್ನು ಮುಟ್ಟಿದರೆ ಯಾರೂ ಮೈಲಿಗೆಯಾಗುತ್ತಿರಲಿಲ್ಲ, ಅವನ ಮಗ ಗ್ರಂಥಾಲಯದೊಳಗೆ ಹೋಗಬಹುದಿತ್ತು. ಬಡತನ, ಅಸ್ಪೃಶ್ಯತೆ ಎರಡನ್ನೂ ಒಂದೇ ಚೀಲಕ್ಕೆ ತುಂಬುವ ಕೆಲಸ ನಮ್ಮ ಎಡಪಂಥೀಯ ಗೆಳೆಯರು ಸಾಕಷ್ಟು ಮಾಡಿದ್ದಾರೆ. ಆದರೆ ಒಂದು ಮಾತು ನಿಲ್ಲುತ್ತದೆ. ಚೆಲುವಿನ ಹಸಿವು ಮೇಲಿನವರ ಹುಟ್ಟುಗುಣವಲ್ಲ. ಬಾಗಿಲು ತೆರೆದ ಕಡೆ ಚಮ್ಮಾರನ ಮಗ ಇಡೀ ಖಂಡಕ್ಕೆ ಕಣ್ಣು ಕೊಡಬಲ್ಲ.

5

'ಕಲೆಗಾಗಿ ಕಲೆ' ಎಂಬ ಘೋಷಣೆ ಇಂಗ್ಲೆಂಡಿಗೆ ಬಂದದ್ದು ಫ್ರಾನ್ಸಿನಿಂದ. ಗೋತಿಯೇ ಎಂಬ ಲೇಖಕ 1835ರಲ್ಲಿ ತನ್ನ ಕಾದಂಬರಿಯೊಂದಕ್ಕೆ ಬರೆದ ಮುನ್ನುಡಿ ಅದರ ಮೂಲಪಾಠಗಳಲ್ಲೊಂದು. ಉಪಯೋಗಕ್ಕೆ ಬರುವುದೆಲ್ಲ ಕುರೂಪ ಎಂಬುದು ಅವನ ವಾದ. ಉದಾಹರಣೆಗೆ ಮನೆಯಲ್ಲಿ ಎಲ್ಲಕ್ಕಿಂತ ಉಪಯುಕ್ತವಾದ ಜಾಗ ಕಕ್ಕಸು ಅನ್ನುತ್ತಾನೆ. ಲಾಭಕೋರ ಮಧ್ಯಮವರ್ಗವನ್ನು ಕೆಣಕಲು ಹೇಳಿದ ಜಾಣ ಮಾತು ಇದು, ಕೆಣಕಿತು ಕೂಡ. ಸ್ವಿನ್‌ಬರ್ನ್‌ನಂಥವರು 1860ರ ದಶಕದಲ್ಲಿ ಈ ವಾದವನ್ನು ಇಂಗ್ಲಿಷಿಗೆ ತಂದರು. ಆ ಜಾಣ ಮಾತನ್ನು ಓದಿ ನಗುವಾಗ ನಮ್ಮಂಥವರಿಗೆ ಗಂಟಲಲ್ಲಿ ಏನೋ ಸಿಕ್ಕಿಕೊಳ್ಳುತ್ತೆ. ಆ ಕಕ್ಕಸನ್ನು ಯಾರು ತೊಳೆಯುತ್ತಿದ್ದರು?

ಆಶ್ಚರ್ಯವೆಂದರೆ, ಈ ಪ್ರಶ್ನೆಯನ್ನು ಕೇಳಿದವನು ಸೌಂದರ್ಯವಾದಿಗಳ ಸಾಲಿನಲ್ಲೇ ಒಬ್ಬನಿದ್ದಾನೆ. ಅವನು ಆಸ್ಕರ್ ವೈಲ್ಡ್. ನಮಗೆ ಪಠ್ಯದಲ್ಲಿ ಸಿಗುವ ವೈಲ್ಡ್ ಬರೀ ಚಮತ್ಕಾರದ ಮಾತುಗಾರ. 1891ರ ಫೆಬ್ರವರಿಯಲ್ಲಿ ಅವನು ಸಮಾಜವಾದದಲ್ಲಿ ಮನುಷ್ಯನ ಆತ್ಮದ ಬಗ್ಗೆ ಒಂದು ಪ್ರಬಂಧ ಪ್ರಕಟಿಸಿದ. ಅದನ್ನು ನಮ್ಮ ಸಂಘಟನೆಯ ಗೆಳೆಯರು ಓದಲೇಬೇಕು. ಅಲ್ಲಿ ಅವನು ಕೈಕೆಲಸದ ಘನತೆ ಎಂಬ ಮಾತನ್ನೇ ಗೇಲಿ ಮಾಡುತ್ತಾನೆ. ಕೊರೆಯುವ ಗಾಳಿಯಲ್ಲಿ ದಿನಕ್ಕೆ ಎಂಟು ಗಂಟೆ ಕೆಸರು ರಸ್ತೆ ಗುಡಿಸುವುದರಲ್ಲಿ ಯಾವ ಘನತೆಯೂ ಇಲ್ಲ, ಅದನ್ನು ಸಂತೋಷದಿಂದ ಮಾಡು ಅನ್ನುವುದು ಇನ್ನೂ ಅಸಹ್ಯ ಎನ್ನುತ್ತಾನೆ. ಗ್ರೀಕರು ಒಂದು ವಿಷಯದಲ್ಲಿ ಸರಿ, ಕೊಳಕು ಕೆಲಸ ಮಾಡಲು ಗುಲಾಮರಿಲ್ಲದೆ ಚಿಂತನೆ, ಕಲೆ ಬೆಳೆಯುವುದಿಲ್ಲ. ಆದರೆ ಮನುಷ್ಯ ಮನುಷ್ಯನಿಗೆ ಗುಲಾಮನಾಗುವುದು ತಪ್ಪು, ಆದ್ದರಿಂದ ಯಂತ್ರ ಗುಲಾಮನಾಗಲಿ. ಗಣಿ, ಚರಂಡಿ, ರಸ್ತೆ ಎಲ್ಲವನ್ನೂ ಯಂತ್ರ ನೋಡಿಕೊಳ್ಳಲಿ. ಮನುಷ್ಯ ಬಿಡುವಾಗಿರಲಿ. ದಾನಕ್ಕೆ ಕೃತಜ್ಞರಾಗಿರುವ ಬಡವರಿಗಿಂತ ಕೃತಜ್ಞತೆಯಿಲ್ಲದ, ತಿರುಗಿಬೀಳುವ ಬಡವರೇ ಮೇಲು ಎಂಬುದೂ ಅಲ್ಲೇ ಇದೆ.

ಅರ್ನಾಲ್ಡ್ ಇಲಿಸಸ್ ದಂಡೆಯಲ್ಲಿ ಕಾಣದೇ ಹೋದ ಗುಲಾಮನನ್ನು ವೈಲ್ಡ್ ಕಂಡ. ಕಂಡು, ಚೆಲುವಿಗೆ ಇದು ತೆತ್ತ ಬೆಲೆ ಎಂದು ಒಪ್ಪಿಕೊಂಡ. ಬೆಲೆಯನ್ನು ಬೇರೆಯವರ ಕೈಯಲ್ಲಿ ಕಟ್ಟಿಸುವುದು ನಿಲ್ಲಲಿ ಎಂದ. ಕಲೆ ಯಾರಿಗೂ ಉಪಯೋಗಕ್ಕೆ ಬರಬೇಕಿಲ್ಲ ಎಂಬ ಅವನ ಮಾತಿನ ಹಿಂದೆ, ಮನುಷ್ಯನೂ ಯಾರ ಉಪಯೋಗದ ವಸ್ತುವೂ ಆಗಬೇಕಿಲ್ಲ ಎಂಬ ಮಾತು ಅಡಗಿದೆ ಎಂದು ನನಗೆ ಅನ್ನಿಸುತ್ತೆ.

ಅವನೇ ನಾಲ್ಕು ವರ್ಷದ ನಂತರ ಬೆಲೆ ಕಟ್ಟಬೇಕಾಯಿತು. 1895ರ ಏಪ್ರಿಲ್‌ನಲ್ಲಿ ಕೋರ್ಟಿನಲ್ಲಿ ವಕೀಲ ಕಾರ್ಸನ್ ಅವನ ಕಾದಂಬರಿಯನ್ನೇ ಅವನ ವಿರುದ್ಧ ಸಾಕ್ಷಿಯಾಗಿ ಬಳಸಿದ. ಗಂಡಸರೊಂದಿಗಿನ ಸಂಬಂಧಕ್ಕಾಗಿ ಮೇ ತಿಂಗಳಲ್ಲಿ ಎರಡು ವರ್ಷದ ಕಠಿಣ ಶಿಕ್ಷೆಯಾಯಿತು. ಹಳೆಯ ಹಡಗಿನ ಹಗ್ಗ ಬಿಚ್ಚಿ ನಾರು ತೆಗೆಯುವ ಕೆಲಸ ಮಾಡಿದ. ರೆಡಿಂಗ್ ಜೈಲಿನಲ್ಲಿ ಅವನ ಹೆಸರು ಸಿ.3.3, ಅಂದರೆ ಅವನ ಕೋಣೆಯ ನಂಬರು. 1898ರಲ್ಲಿ ಅವನ ಜೈಲಿನ ಲಾವಣಿ ಮೊದಲು ಹೊರಬಂದಾಗ ಕವಿಯ ಹೆಸರಿನ ಜಾಗದಲ್ಲಿ ಇದ್ದದ್ದು ಅದೇ ನಂಬರು. 1897ರಲ್ಲಿ ಬಿಡುಗಡೆಯಾದ ಕೂಡಲೇ ಅವನು ಪತ್ರಿಕೆಗೆ ಬರೆದದ್ದು ತನ್ನ ಕಷ್ಟವನ್ನಲ್ಲ, ಜೈಲಿನಲ್ಲಿದ್ದ ಹಸಿದ ಮಕ್ಕಳ ಬಗ್ಗೆ, ಅಂಥ ಮಗುವಿಗೆ ಬಿಸ್ಕತ್ತು ಕೊಟ್ಟ ತಪ್ಪಿಗೆ ಕೆಲಸ ಕಳಕೊಂಡ ಕಾವಲಿನವನ ಬಗ್ಗೆ. ಮೂವತ್ತು ವರ್ಷ ಹಿಂದೆ ರ್‍ಯಾಗ್ ಪೊಲೀಸರ ವಶದಲ್ಲಿದ್ದಾಗ ವಿಮರ್ಶಕ ಹೊರಗಿದ್ದ. ಈ ಸಲ ವಿಮರ್ಶಕನೇ ಒಳಗಿದ್ದ. ಒಳಗಿದ್ದವನಿಗೆ ಹೆಸರುಗಳ ಸದ್ದು ಕಿರಿಕಿರಿ ಮಾಡಿದಂತೆ ಕಾಣುವುದಿಲ್ಲ.

6

ಈಗ ನಮ್ಮ ಮನೆಯ ಮಾತು. ರಸ್ಕಿನ್ ನಮ್ಮ ದೇಶಕ್ಕೆ ಬಂದದ್ದು ವಿಮರ್ಶಕನಾಗಿ ಅಲ್ಲ. ಅವನ 'ಅನ್‌ಟು ದಿಸ್ ಲಾಸ್ಟ್' ಪುಸ್ತಕವನ್ನು ಗಾಂಧೀಜಿ 1904ರಲ್ಲಿ ಜೊಹಾನ್ಸ್‌ಬರ್ಗ್‌ನಿಂದ ಡರ್ಬನ್ನಿಗೆ ಹೋಗುವ ರೈಲಿನಲ್ಲಿ ಓದಿದರು. 1908ರಲ್ಲಿ 'ಸರ್ವೋದಯ' ಎಂದು ಗುಜರಾತಿಗೆ ಇಳಿಸಿದರು. ಕೈದುಡಿಮೆಯೇ ಬಾಳಿನ ಚೆಲುವು ಎಂಬ ವಿಚಾರ ಅಲ್ಲಿಂದ ಆಶ್ರಮಕ್ಕೆ, ಆಶ್ರಮದಿಂದ ಹರಿಜನ ಸೇವೆಗೆ ಹರಿಯಿತು. ಮಲ ಬಾಚುವ ಕೆಲಸವನ್ನು ಸಮಾಜಕ್ಕೆ ಮಾಡುವ ಪವಿತ್ರ ಸೇವೆ ಎಂದು ಹೊಗಳುವ ಮಟ್ಟಕ್ಕೆ ಅದು ಮುಟ್ಟಿತು.

ಅಂಬೇಡ್ಕರ್ 1945ರ ತಮ್ಮ ಪುಸ್ತಕದಲ್ಲಿ, ಕಾಂಗ್ರೆಸ್ ಮತ್ತು ಗಾಂಧಿ ಅಸ್ಪೃಶ್ಯರಿಗೆ ಮಾಡಿದ್ದೇನು ಎಂದು ಕೇಳುತ್ತಾ, ಈ ಸರಪಳಿಯನ್ನೇ ಹಿಡಿದು ಜಗ್ಗುತ್ತಾರೆ. ಗಾಂಧಿವಾದದ ಆರ್ಥಿಕ ವಿಚಾರ ರೂಸೋ, ರಸ್ಕಿನ್, ಟಾಲ್‌ಸ್ಟಾಯ್ ಅವರ ಹಳೆಯ ಮಾತು ಎನ್ನುತ್ತಾರೆ. ಬಿಡುವಿಲ್ಲದೆ ಸಂಸ್ಕೃತಿ ಇಲ್ಲ, ಯಂತ್ರವಿಲ್ಲದೆ ಎಲ್ಲರಿಗೂ ಬಿಡುವು ಇಲ್ಲ, ಪ್ರಜಾಪ್ರಭುತ್ವ ಪ್ರತಿಯೊಬ್ಬನಿಗೂ ಬಿಡುವಿನ, ಸಂಸ್ಕೃತಿಯ ಬದುಕನ್ನು ಖಾತ್ರಿ ಮಾಡಬೇಕು ಎಂಬುದು ಅವರ ನಿಲುವು. ಗುಡಿಸುವವನಿಗೆ ನಿನ್ನ ಕೆಲಸ ಶ್ರೇಷ್ಠ ಎಂದು ಹೇಳಿ ಅವನನ್ನು ಅಲ್ಲೇ ಉಳಿಸುವುದು ಕ್ರೂರ ತಮಾಷೆ ಎಂದು ಅವರಿಗೆ ಸಿಟ್ಟು. ಎಲ್ಲಿಯ ವೈಲ್ಡ್, ಎಲ್ಲಿಯ ಬಾಬಾಸಾಹೇಬರು! ಬೇರೆ ಬೇರೆ ದಾರಿಯಿಂದ ಬಂದು ಇಬ್ಬರೂ ಒಂದೇ ಜಾಗ ಮುಟ್ಟಿದ್ದಾರೆ. ನಮ್ಮ ಕಡೆ ನಾವು 'ಕಲೆಗಾಗಿ ಕಲೆ'ಯವರನ್ನು ಶತ್ರುವೆಂದೂ 'ದುಡಿಮೆಯೇ ಸೌಂದರ್ಯ' ಎಂದವರನ್ನು ಮಿತ್ರರೆಂದೂ ಕಣ್ಣುಮುಚ್ಚಿ ವಿಂಗಡಿಸಿದ್ದೇವಲ್ಲ, ಆ ಲೆಕ್ಕವನ್ನು ಇನ್ನೊಮ್ಮೆ ಮಾಡಬೇಕಾಗಿದೆ.

ವೈಲ್ಡ್‌ನ ಲೆಕ್ಕದಲ್ಲೂ ಒಂದು ಕೊರತೆ ಉಳಿಯುತ್ತದೆ. ಯಂತ್ರ ಬಂದರೆ ಸಾಕು ಎಂದು ಅವನು ನಂಬಿದ. ನಮ್ಮಲ್ಲಿ ಯಂತ್ರ ಬಂತು, ಜಾತಿ ಹೋಗಲಿಲ್ಲ. 1993ರಲ್ಲಿ ಒಂದು ಕಾನೂನು, 2013ರಲ್ಲಿ ಇನ್ನೊಂದು ಕಾನೂನು ಬಂದಮೇಲೂ ಮ್ಯಾನ್‌ಹೋಲಿಗೆ ಇಳಿದು ಸತ್ತವರ ಸುದ್ದಿ ಪತ್ರಿಕೆಯ ಒಳಪುಟದಲ್ಲಿ ಬರುತ್ತಲೇ ಇದೆ. ಒಳಪುಟ ಎನ್ನುವುದು ಪತ್ರಿಕೆಯ ಅಡಿಟಿಪ್ಪಣಿ. 2010ರಲ್ಲಿ ಸವಣೂರಿನ ಭಂಗಿ ಸಮುದಾಯದವರು ಮೈಗೆ ಮಲ ಸುರಿದುಕೊಂಡು ಪ್ರತಿಭಟಿಸಿದರು. ಆ ದೃಶ್ಯವನ್ನು ನೋಡಲಾರದೆ ಮುಖ ತಿರುಗಿಸಿದವರು ಹಲವರು. ಅಭಿರುಚಿಗೆ ಪೆಟ್ಟಾಗದೆ ಆ ಸುದ್ದಿ ಮೊದಲ ಪುಟಕ್ಕೆ ಬರುತ್ತಿರಲಿಲ್ಲ ಎಂಬುದು ಅವರಿಗೆ ಗೊತ್ತಿತ್ತು.

ಕನ್ನಡದಲ್ಲಿ ಈ ಎರಡು ಎಳೆ ಒಬ್ಬರಲ್ಲೇ ಕೂಡಿದ್ದನ್ನು ನಾವು ಮರೆಯಬಾರದು. ಬಿ. ಬಸವಲಿಂಗಪ್ಪನವರು 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಕನ್ನಡ ಸಾಹಿತ್ಯದ ಬಹುಭಾಗವನ್ನು ಬೂಸಾ ಎಂದರು. ಊರೆಲ್ಲ ಹೊತ್ತಿ ಉರಿಯಿತು, ಮಂತ್ರಿ ಪದವಿ ಹೋಯಿತು. ನಮ್ಮ ಸಾಹಿತ್ಯ ಚರಿತ್ರೆ ಅದನ್ನು ಮಾತ್ರ ನೆನಪಿಟ್ಟುಕೊಂಡಿದೆ. ಅದೇ ಮನುಷ್ಯ ಪೌರಾಡಳಿತ ಸಚಿವರಾಗಿ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ರಾಜ್ಯದಲ್ಲಿ ನಿಷೇಧಿಸಿದರು. ನನ್ನ ಪ್ರಕಾರ ಇವೆರಡೂ ಒಂದೇ ಪ್ರಶ್ನೆ. ಯಾರ ತಲೆಯ ಮೇಲೆ ಏನಿದೆ ಎಂದು ನೋಡದ ಸಾಹಿತ್ಯ ಎಷ್ಟೇ ಚೆಂದವಿದ್ದರೂ ಅದರ ಚೆಂದ ಅರ್ಧ.

ಮರಾಠಿಯಲ್ಲಿ ಶರಣಕುಮಾರ ಲಿಂಬಾಳೆ 1996ರಲ್ಲಿ ದಲಿತ ಸಾಹಿತ್ಯದ ಸೌಂದರ್ಯಶಾಸ್ತ್ರದ ಬಗ್ಗೆ ಬರೆದಾಗ 'ಸತ್ಯಂ ಶಿವಂ ಸುಂದರಂ' ಎಂಬ ಸೂತ್ರವನ್ನೇ ನಿರಾಕರಿಸಿದರು. ಆ ನಿರಾಕರಣೆ ಬೇಕಿತ್ತು. ಆದರೆ ಅದರ ಸುಲಭ ಅನುವಾದ ನಮ್ಮಲ್ಲಿ ಏನಾಗಿದೆ? ದಲಿತ ಕೃತಿ ಬಂದ ಕೂಡಲೇ ವಿಮರ್ಶಕರು 'ಕಸುವು', 'ಹಸಿತನ', 'ಒರಟು ಚೆಲುವು' ಎಂಬ ಮೂರು ಪದಗಳನ್ನು ಜೇಬಿನಿಂದ ತೆಗೆಯುತ್ತಾರೆ. ಒರಟುತನ ಸ್ವಾತಂತ್ರ್ಯದ ಗುರುತು ಎಂದು ರಸ್ಕಿನ್ ಹೇಳಿದ್ದು ನಿಜ. ಆದರೆ ಒರಟಾಗಿಯೇ ಇರು ಎಂದು ಯಾರಾದರೂ ಅಪ್ಪಣೆ ಕೊಟ್ಟರೆ ಅದು ಸ್ವಾತಂತ್ರ್ಯವಲ್ಲ. ನಮ್ಮ ಹುಡುಗ ಒಂದು ಸಂಜೆಯ ಬೆಳಕಿನ ಬಗ್ಗೆ, ಒಂದು ಹುಡುಗಿಯ ನಗುವಿನ ಬಗ್ಗೆ ನಯವಾದ ಪದ್ಯ ಬರೆದರೆ, ಅವನು ತನ್ನ ಜನರನ್ನು ಮರೆತ ಎಂದು ಎರಡು ಕಡೆಯವರೂ ಗೊಣಗುತ್ತಾರೆ. ಅನುಭವ ಕೊಡು, ಚೆಲುವನ್ನು ನಾವು ನೋಡಿಕೊಳ್ಳುತ್ತೇವೆ ಎಂಬ ಈ ಹಂಚಿಕೆಯೂ ದುಡಿಯುವವರ ವಿಭಜನೆಯೇ.

ದಲಿತ ವಿಮರ್ಶೆ ಸೌಂದರ್ಯವನ್ನು ಬಿಟ್ಟುಕೊಡಬಾರದು, ಅದರ ಲೆಕ್ಕಪತ್ರ ಕೇಳಬೇಕು ಎನ್ನುವುದು ನನ್ನ ಮಾತು. ಯಾವ ಕೃತಿ ಬಂದರೂ, ಅದು ನಮ್ಮದಿರಲಿ ಬೇರೆಯವರದಿರಲಿ, ಮೂರು ಪ್ರಶ್ನೆ ಕೇಳೋಣ. ಇದರ ಅಡಿಟಿಪ್ಪಣಿಗೆ ಯಾರನ್ನು ಇಳಿಸಲಾಗಿದೆ? ಈ ಚೆಲುವಿಗೆ ಬೇಕಾದ ಬಿಡುವು ಯಾರ ಬೆವರಿನಿಂದ ಬಂತು? ಯಾರ ಹೆಸರು ಕೇಳಿ ಇದು ನಗುತ್ತದೆ? ಈ ಮೂರಕ್ಕೂ ಉತ್ತರ ಕೊಟ್ಟು ಉಳಿಯುವ ಚೆಲುವು ಇದ್ದೇ ಇರುತ್ತದೆ. ಅದು ನಮ್ಮದೂ ಹೌದು, ಅದನ್ನು ಬಿಟ್ಟುಕೊಡಲು ನಮಗೆ ಕಾರಣವಿಲ್ಲ.

ಈ ವರ್ಷವೂ ಅರ್ನಾಲ್ಡನ ಪಾಠ ಇದೆ. ಆ ಹುಡುಗಿ ಈಗ ತರಗತಿಯಲ್ಲಿಲ್ಲ, ಪದವಿ ಮುಗಿಸಿ ಹೋಗಿದ್ದಾಳೆ. ಪಾಠವನ್ನು ನಾನು ರ್‍ಯಾಗ್‌ಳಿಂದಲೇ ಶುರುಮಾಡುತ್ತೇನೆ. ಇಲ್ಲಿ ಹೇಳಿದ್ದನ್ನು ಒಪ್ಪದ ಗೆಳೆಯರು ಜಗಳಕ್ಕೆ ಬರಲಿ, ರಸ್ಕಿನ್‌ನನ್ನೂ ವೈಲ್ಡ್‌ನನ್ನೂ ಓದಿಕೊಂಡು ಬರಲಿ.